ಬೋಂಡನ ಹೊಟ್ಟೆಗೆ ಬಿದ್ದ ದೃಷ್ಟಿ

ಈಗೀಗ ಕಿಕ್ಕೇರಿಯಲ್ಲಿ ನಾನು ಎದುರಿಗೆ ಬಂದರೆ ತಾಯಂದಿರು ಕಂಕುಳ ಮಗುವಿನ ಮುಖಕ್ಕೆ ಸೆರಗು ಮುಚ್ಚಿಕೊಂಡು ರಸ್ತೆಯ ಆಚೆ ಬದಿಗೆ ಸರಿಯುತ್ತಾರೆ. ನಾನು ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ಗ್ರಹಣದ ಹೊತ್ತಿನಲ್ಲೇ ಮಕ್ಕಳನ್ನು ಬಯಲಲ್ಲಿ ಕೂರಿಸಿ ಕಡ್ಲೆಪುರಿ ತಿನ್ನಿಸಿದವನು. ಅಂಥ ನನಗೆ ಇಂಥ ಕೀರ್ತಿ ಬಂದದ್ದು ನಮ್ಮ ಬೋಂಡನ ಹೊಟ್ಟೆಯಿಂದ.

ಬೋಂಡ ನಮ್ಮ ನಾಯಿಮರಿ. ಮಗಳು ಅನು ಶ್ರೀರಂಗಪಟ್ಟಣದ ಗೆಳತಿಯ ಮನೆಯಿಂದ ತಂದದ್ದು. ಗುಂಡಗೆ, ಕೆಂಪಗೆ, ಈಗ ತಾನೇ ಬಾಣಲೆಯಿಂದ ತೆಗೆದ ಹಾಗಿದ್ದ. ಬಂದ ದಿನವೇ ಒಂದು ಪಾತ್ರೆ ಎಮ್ಮೆ ಹಾಲು ಕುಡಿದು, ನನ್ನ ಎಡಗಾಲಿನ ಕಾಲುಚೀಲದ ತುದಿಯನ್ನೂ ತಿಂದ. ಅಷ್ಟು ಚಿಕ್ಕ ಹೊಟ್ಟೆಯಲ್ಲಿ ಇಷ್ಟೆಲ್ಲ ಹೇಗೆ ಹಿಡಿಯಿತು ಎಂದು ನಾನು ಬೆರಗಾದೆ. ಬೆಳಿಗ್ಗೆ ಜಗಲಿ ನೋಡಿದ ಮೇಲೆ, ಹಿಡಿದಿರಲಿಲ್ಲ ಎಂದು ಗೊತ್ತಾಯಿತು.

ಜಗಲಿ ತೊಳೆಯುವವಳು ನನ್ನ ಹೆಂಡತಿ ರಂಜಿತ.

"ರೀ, ಭಾನ್ವಾರ ನಮ್ಮಣ್ಣ ಲೋಕೇಶ ಬತ್ತಾನೆ. ಅಷ್ಟ್ರೊಳ್ಗೆ ಇದ್ರ ಹೊಟ್ಟೆ ಸರಿ ಓಗ್ನಿಲ್ಲ ಅಂದ್ರೆ ನಾಗಮಂಗಲದ ತ್ವಾಟಕ್ಕೆ ಕಳಿಸ್ಬುಡ್ತೀನಿ. ನನ್ ಕೈಲಿ ಇನ್ ಜಗ್ಲಿ ತೊಳ್ಯಕ್ಕಾಗಕಿಲ್ಲ."

"ಮಗು ಕಣೇ ಅದು!"

"ಮಗು ಆದ್ರೆ ನೀವೇ ತೊಳೀರಿ."

ಅನು ಕಣ್ಣೊರೆಸಿಕೊಳ್ಳುತ್ತಾ ಒಳಗೆ ಓಡಿದಳು. ಸಾಯಂಕಾಲ ಸ್ಕೂಲಿನಿಂದ ಬಂದ ನನ್ನನ್ನು ಈ ಮನೆಯಲ್ಲಿ ಕುಣಿದು ಸ್ವಾಗತಿಸುವ ಪ್ರಾಣಿ ಅದೊಂದೇ. (ಆ ಪ್ರಾಣಿ ಆಗ ನನ್ನ ಪಂಚೆಯ ಅಂಚು ಜಗಿಯುತ್ತಿತ್ತು.) ಅವನನ್ನು ಕಳಿಸುವುದು ನನ್ನಿಂದಾಗದ ಮಾತು.

ಹಾಲು ನಿಲ್ಲಿಸಿ, ಮೆತ್ತಗೆ ಬೇಯಿಸಿದ ಅನ್ನಕ್ಕೆ ಸಿಹಿಕುಂಬಳ ಹಿಸುಕಿ, ಒಂದು ಚಮಚ ಮೊಸರು ಬೆರೆಸಿ, ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ನಾಲ್ಕು ಸಲ ಕೊಡಿ ಎಂದರು ಪಶುವೈದ್ಯರು. ನಾನು ಕೂಡಲೇ ಬೋಂಡನ ಆಹಾರ ಮಂತ್ರಿಯಾಗಿ ಅಧಿಕಾರ ವಹಿಸಿಕೊಂಡೆ. ಬೆಳಿಗ್ಗೆ, ಮಧ್ಯಾಹ್ನ ಅವನು ತಟ್ಟೆ ಹೊಳೆಯುವಂತೆ ನೆಕ್ಕಿದ. ಇನ್ನೇನು ಸರಿಹೋಯಿತು ಅನ್ನುವಾಗ ಶೀಳನೆರೆಯಿಂದ ನಮ್ಮ ಅತ್ತೆ ಸಿದ್ದಲಿಂಗಮ್ಮನವರು ಬಂದಿಳಿದರು.

"ದೃಷ್ಟಿ ಆಗದೆ ಕಣ್ರಿ ಅಳಿಯಂದ್ರೆ. ಯಾರಾರ ನೋಡುದ್ರಾ?"

"ಮೂಲೆ ಮನೆ ಮಂಚಮ್ಮ ಮೊನ್ನೆ, ಏನ್ ದುಂಡಗವ್ನೆ ನಿಮ್ ಬೋಂಡ, ಅಂದ್ಲು ಕಣವ್ವ" ಎಂದಳು ರಂಜಿತ.

"ಇನ್ನೇನ್ ಬೇಕು!"

ಅತ್ತೆ ಅನ್ನಕ್ಕೆ ಅರಿಶಿನ, ಕುಂಕುಮ ಕಲಸಿದರು, ಧಾರಾಳವಾಗಿ ತುಪ್ಪ ಸುರಿದರು, ನಡುವೆ ಬೇಯಿಸಿದ ಮೊಟ್ಟೆ ಅಡಗಿಸಿದರು. ಗದ್ದೆ ಆಳಿಗೆ ಬಡಿಸುವ ಮುದ್ದೆಯ ಗಾತ್ರದ ಉಂಡೆ ಕಟ್ಟಿ ಬೋಂಡನಿಗೆ ನೀವಾಳಿಸಿದರು. ಉಂಡೆ ಸುತ್ತಿದ ಕಡೆಗೆಲ್ಲ ಅವನ ಮೂಗೂ ಸುತ್ತಿತು. (ನಾನು ಅದನ್ನು ಭಕ್ತಿ ಎಂದುಕೊಂಡೆ.)

"ಮೂರ್ ದಾರಿ ಕೂಡೋ ತಾವು ಮಡಗ್ಬುಟ್ಟು ಬನ್ನಿ. ತಿರುಗ್ ನೋಡ್ಬ್ಯಾಡಿ. ನೋಡುದ್ರೆ ಅದು ನಿಮ್ ಇಂದೇನೇ ಬಂದ್ಬುಡ್ತದೆ."

"ಅತ್ತೆ, ನಾನು ವಿಜ್ಞಾನದ ಮೇಷ್ಟ್ರು."

"ಅದ್ಕೇ? ಮೇಷ್ಟ್ರಿಗೆ ಕಾಲಿಲ್ವಾ? ಓಗ್ಬನ್ನಿ."

ಹೋದೆ. ಮುತ್ತುಗದ ಎಲೆಯ ಮೇಲೆ ಉಂಡೆಯಿಟ್ಟು ಹೊರಟೆ. ಬೆನ್ನ ಹಿಂದೆ ಏನೋ ಪಚಪಚ ಎಂದಿತು. ನೋಡು ಎಂದಿತು ವಿಜ್ಞಾನ, ಬೇಡ ಎಂದಿತು ಕತ್ತು. ಮನೆಗೆ ಬಂದು, ಹೊರಗಿನ ತೊಟ್ಟಿಯಲ್ಲಿ ಕಾಲು ತೊಳೆದು ಒಳಗೆ ಹೋದರೆ, ಬೋಂಡ ಹಿತ್ತಿಲ ಬಾಗಿಲಲ್ಲಿ ಮೂತಿ ನೆಕ್ಕುತ್ತಾ ಕೂತಿದ್ದ. ಕುಂಬಳದ ಅನ್ನವನ್ನು ಮೂಸಿಯೂ ನೋಡಲಿಲ್ಲ, ಆದರೆ ಮುಖದಲ್ಲಿ ಎಂಥ ಶಾಂತಿ!

ಮರುದಿನ ಸ್ಕೂಲಿಗೆ ಹೋಗುವಾಗ ಮೂರು ದಾರಿಯಲ್ಲಿ ನಿಂತು ನೋಡಿದೆ. ಎಲೆ ತೊಳೆದಿಟ್ಟಂತಿತ್ತು, ಒಂದು ಅಗುಳೂ ಇಲ್ಲ. ಕಾಗೆ ತಿಂದರೆ ಚೆಲ್ಲುತ್ತದೆ, ಬೀದಿನಾಯಿ ತಿಂದರೆ ಎಲೆ ಎಳೆದಾಡುತ್ತದೆ. ಇದು ಯಾವುದೋ ಮರ್ಯಾದಸ್ಥ ಶಕ್ತಿಯ ಕೆಲಸ! ನನಗೆ ಮೈಯೆಲ್ಲ ಜುಂ ಎಂದಿತು. ಲೋಕದಲ್ಲಿ ನನಗೆ ತಿಳಿಯದ್ದು ಎಷ್ಟೊಂದಿದೆ ಅನ್ನಿಸಿ ಕೈ ಮುಗಿದೆ.

ನಮ್ಮ ಜಗಲಿ ಮಾತ್ರ ಅಪ್ಪಟ ಹಳದಿಯಾಗಿತ್ತು. ಕಾಮಾಲೆಯೇ ಇರಬೇಕೆಂದು ನಡುಗಿ ವೈದ್ಯರಿಗೆ ಫೋನು ಮಾಡಿದೆ.

"ಊಟಕ್ಕೆ ಅರಿಶಿನ ಏನಾದರೂ ಹಾಕ್ತಿದ್ದೀರಾ?"

"ಚಿಟಿಕೆಯೂ ಇಲ್ಲ ಸಾರ್!"

ವೈದ್ಯರೂ ತಬ್ಬಿಬ್ಬಾದರು. ಅತ್ತೆಗೆ ಮಾತ್ರ ಯಾವ ಅನುಮಾನವೂ ಇರಲಿಲ್ಲ. "ಗಟ್ಟಿ ಕಣ್ಣು ಕಣ್ರಿ ಇದು, ಒಂದುಂಡೆಗೆಲ್ಲ ಬಗ್ಗಕಿಲ್ಲ" ಎಂದರು. ಉಂಡೆ ದಿನದಿಂದ ದಿನಕ್ಕೆ ಬೆಳೆಯಿತು, ಮೊಟ್ಟೆ ಎರಡಾಯಿತು, ಬೋಂಡ ಮನೆಯ ಅನ್ನವನ್ನು ಪೂರ್ತಿ ಬಿಟ್ಟ. ನಾನು ಸ್ಟಾಫ್ ರೂಮಿನಲ್ಲಿ ಹೆಡ್ ಮೇಷ್ಟ್ರು ನರಸಯ್ಯನವರನ್ನು ಕೂರಿಸಿಕೊಂಡು, ವಿಜ್ಞಾನಕ್ಕೂ ಮೀರಿದ್ದು ಏನೋ ಇದೆ ಸಾರ್, ಎಂದು ಉಪದೇಶ ಶುರುಮಾಡಿದೆ. ಅವರು ಕಣ್ಣರಳಿಸಿ ಕೇಳಿದರು.

ಶನಿವಾರ ಸಂಜೆ ಉಂಡೆಯಿಟ್ಟು ನಾಲ್ಕು ಹೆಜ್ಜೆ ಹಾಕಿದ್ದೆ. ಮೂಲೆ ಮನೆಯ ಮಂಚಮ್ಮ ಕೂಗಿದಳು.

"ಮೇಷ್ಟ್ರೇ, ವಸಿ ಇಂದಕ್ ತಿರುಗ್ ನೋಡಿ."

"ನೋಡಬಾರದು ಮಂಚಮ್ಮ."

"ಒಂದ್ ಕಿತ ನೋಡಿ ಅಂದ್ರೆ!"

"ನೋಡಿದರೆ ಅದು ನನ್ನ ಹಿಂದೇನೇ ಬಂದುಬಿಡುತ್ತೆ."

"ಅದು ದಿನಾ ನಿಮ್ ಇಂದೇನೇ ಬತ್ತಾ ಅದಲ್ರೀ!"

ತಿರುಗಿದೆ. ನಮ್ಮ ಬೋಂಡ ಮೂತಿಗೆಲ್ಲ ಕುಂಕುಮ ಮೆತ್ತಿಕೊಂಡು, ಬಾಲ ಅಲ್ಲಾಡಿಸುತ್ತಾ, ತನ್ನ ದೃಷ್ಟಿಯನ್ನು ತಾನೇ ತಿನ್ನುತ್ತಿದ್ದ.

ಭಾನುವಾರ ಉಂಡೆ ರದ್ದಾಯಿತು. ಬೋಂಡ ಕುಂಬಳದ ಅನ್ನದ ಕಡೆ ತಿರುಗದೆ, ಗೇಟಿನ ಬಳಿ ಕೂತು ಮೂರು ದಾರಿಯತ್ತಲೇ ನೋಡತೊಡಗಿದ. ಲೋಕೇಶ ಬಂದೇಬಿಟ್ಟ, ಕೈಯಲ್ಲಿ ಹೊಸ ಸರಪಳಿ. ಅನು ಮರಿಯನ್ನು ಎದೆಗವಚಿಕೊಂಡು ಅಳಲು ಶುರುಮಾಡಿದಳು. ಆಗ ಅತ್ತೆ ಒಳಗೆ ಹೋಗಿ, ಆ ಕುಂಬಳದ ಅನ್ನವನ್ನೇ ಉಂಡೆ ಕಟ್ಟಿ, ಎಲೆಯ ಮೇಲಿಟ್ಟು, ಮರಿಗೆ ನೀವಾಳಿಸಿ ನನ್ನ ಕೈಗೆ ಕೊಟ್ಟರು.

"ಏಳಿ ಅಳಿಯಂದ್ರೆ."

"ಹಗಲು ಹೊತ್ತಲ್ಲಾ? ಊರೆಲ್ಲ ನೋಡುತ್ತೆ ಅತ್ತೆ!"

"ನೀವ್ ನೋಡ್ದಿದ್ರೆ ಸಾಕು."

ಇಟ್ಟೆ. ತಿರುಗಿ ನೋಡದೆ ಬಂದೆ. ಪಚಪಚ ಎಂದಿತು.

ಲೋಕೇಶ ರಾತ್ರಿ ಉಳಿದ. ಬೆಳಿಗ್ಗೆ ಇಡೀ ಮನೆ ಜಗಲಿಯಲ್ಲಿ ನೆರೆಯಿತು. ಬೋಂಡ ಅಂಗಳದ ಮೂಲೆಗೆ ಹೋಗಿ ಗಂಭೀರವಾಗಿ ಕೂತು ಎದ್ದ. ಗಟ್ಟಿ! ಅಚ್ಚುಕಟ್ಟು! ಅತ್ತೆ ಕೆನ್ನೆ ಬಡಿದುಕೊಂಡರು. ಲೋಕೇಶ, "ಬುಡು ತಂಗವ್ವ, ಇಲ್ಲೇ ಇರ್ಲಿ" ಎಂದು ಸರಪಳಿಯನ್ನು ಅನುವಿನ ಕೈಗಿಟ್ಟು ಹೊರಟುಹೋದ.

ಬೋಂಡ ಉಳಿದ, ನಾನು ಸಿಕ್ಕಿಹಾಕಿಕೊಂಡೆ. ಅವನು ಮೂರು ದಾರಿಯಲ್ಲಲ್ಲದೆ ಬೇರೆಲ್ಲೂ ಉಣ್ಣುವುದಿಲ್ಲ, ನಾನು ನೋಡಿದರೂ ಉಣ್ಣುವುದಿಲ್ಲ. ಹಾಗಾಗಿ ದಿನಕ್ಕೆ ನಾಲ್ಕು ಸಲ ಎಲೆ ಹಿಡಿದು ಹೊರಡುತ್ತೇನೆ. ಮೇಷ್ಟ್ರಿಗೆ ಏನೋ ದೊಡ್ಡದೇ ಮೆಟ್ಟಿಕೊಂಡಿದೆ ಎಂದು ಊರು ತೀರ್ಮಾನಿಸಿದೆ.

ನಿನ್ನೆ ಸಂಜೆ ಹೋದರೆ ಅಲ್ಲಿ ಆಗಲೇ ಇನ್ನೊಂದು ಉಂಡೆ ಇತ್ತು. ಅರಿಶಿನ, ಕುಂಕುಮ, ಮೇಲೆ ತುಪ್ಪದ ಹೊಳೆ. ಇಟ್ಟು ಬಿರಬಿರನೆ ಹೋಗುತ್ತಿದ್ದವರು ಹೆಡ್ ಮೇಷ್ಟ್ರು ನರಸಯ್ಯನವರು.

"ಸಾರ್! ಸಾರ್, ತಿರುಗಿ ನೋಡಿ!"

"ನೋಡ್ಬಾರ್ದು ಕಣ್ರಿ ಮೇಷ್ಟ್ರೇ!" ಎಂದರು ಅವರು ನಡೆಯುತ್ತಲೇ. "ನಿಮ್ಮೆಸ್ರಲ್ಲೇ ಮಡಗಿವ್ನಿ. ಮೂರ್ ಮೊಟ್ಟೆ ಆಕ್ಸಿವ್ನಿ. ಎಂಗಿದ್ದೋರು ಎಂಗಾಗೋದ್ರಲ್ಲಪ್ಪ!"

ನಾನು ಅವರನ್ನು ಕೂಗುತ್ತಿದ್ದಂತೆ ಬೆನ್ನ ಹಿಂದೆ ಪಚಪಚ ಶುರುವಾಯಿತು. ಇವತ್ತು ಬೆಳಿಗ್ಗೆಯಿಂದ ಜಗಲಿ ತೊಳೆಯುತ್ತಿರುವವನು ನಾನು.