ಮೇಕೆಯ ಪರವಾಗಿ ಒಂದು ಮಾತು

ಇನ್ನೊಬ್ಬರಿಗೆ ಪ್ರಾಮಾಣಿಕತೆ ಕಲಿಸುವುದು ಬಹಳ ಸುಲಭ; ಅವರು ಕಲಿತ ಮೇಲೂ ಅದೇ ಊರಿನಲ್ಲಿ ಉಳಿದುಕೊಳ್ಳುವುದು ಕಷ್ಟ. ಇದು ಅನುಭವದ ಮಾತು. ಚಾಮರಾಜಪೇಟೆಯಲ್ಲಿ ಮೂವತ್ತು ವರ್ಷ ವಕೀಲಿಕೆ ಮಾಡಿದ ನನಗೆ ಹೋದ ವರ್ಷ ಸಮುದ್ರದಾಚೆಯ ಪುಟ್ಟ ದ್ವೀಪದೇಶವೊಂದರಿಂದ ಕರೆ ಬಂತು. ಅಲ್ಲಿ ಅದುವರೆಗೆ ಮಂತ್ರಿಗಳು ಫೋನಿನಲ್ಲಿ ಹೇಳಿದ್ದೇ ತೀರ್ಪು. ಈಗ ಯಾರ ಮಾತಿಗೂ ಬಗ್ಗದ ನ್ಯಾಯಾಲಯ ಕಟ್ಟಬೇಕು; ಹೊಸ ನ್ಯಾಯಾಧೀಶರಿಗೆ ಮೂರು ತಿಂಗಳು ಪುಕ್ಕಟೆ ಪಾಠ ಹೇಳುವ ವಕೀಲರು ಬೇಕು. ಸುದ್ದಿ ಕೇಳಿ ನಾನು ನೆಲದಿಂದ ಒಂದು ಗೇಣು ಮೇಲೆಯೇ ಓಡಾಡತೊಡಗಿದೆ. ಹೆಂಡತಿ ಸಾರಿನ ಪುಡಿ ಕಟ್ಟುತ್ತಾ, "ನಮ್ಮ ಕಾಂಪೌಂಡ್ ಗೋಡೆ ಕೇಸೇ ಹನ್ನೆರಡು ವರ್ಷದಿಂದ ಮುಗಿದಿಲ್ಲ. ಅಲ್ಲಿ ಹೋಗಿ ಅದೇನ್ರೀ ಕಲಿಸ್ತೀರಾ?" ಎಂದಳು.

ಕಲಿಸಿದೆ! "ಕಕ್ಷಿದಾರರ ಪರವಾಗಿ ಯಾರೇ ಮನೆಗೆ ಬಂದು ಒಂದು ಮಾತು ಹೇಳಲಿ, ಮಾರನೆಯ ದಿನ ಎಲ್ಲರೆದುರು ಅವರ ಹೆಸರು ಸಮೇತ ಓದಿಬಿಡಿ" ಎಂದು ಮೇಜು ಕುಟ್ಟಿದೆ. ಮರೀಟಾ ಎಂಬ ಶಿಷ್ಯೆ ಅದನ್ನು ಬರೆದುಕೊಂಡು ಕೆಳಗೆ ಎರಡು ಗೆರೆಯನ್ನೂ ಎಳೆದಳು.

ನಾನಿದ್ದದ್ದು ತೋಮಾಸ್ ಎಂಬವನ ಮನೆಯಲ್ಲಿ. ಮೀನಿಲ್ಲದೆ ಒಲೆಯನ್ನೇ ಹಚ್ಚದ ಆ ಊರಿನಲ್ಲಿ ನನಗೊಬ್ಬನಿಗಾಗಿ ಅನ್ನ, ಕುಂಬಳಕಾಯಿ ಬೇಯಿಸಿ ಹಾಕುತ್ತಿದ್ದ ಪುಣ್ಯಾತ್ಮ. ಒಂದು ದಿನ ಅವನ ಮೇಕೆ ಪಕ್ಕದ ಮನೆ ಅಜ್ಜಿಯ ತೋಟಕ್ಕೆ ನುಗ್ಗಿ ಎಲೆಕೋಸಿನ ಪಾತಿಯನ್ನು ಬೋಳಿಸಿಬಿಟ್ಟಿತು. ಕೇಸು ಮರೀಟಾಳ ಮುಂದೆ ಬಂತು. ತೋಮಾಸ್ ನನ್ನ ತಟ್ಟೆಗೆ ಇನ್ನೊಂದು ಸೌಟು ಅನ್ನ ಬಡಿಸಿ, "ಅವಳು ನಿಮ್ಮ ಶಿಷ್ಯೆ ಅಲ್ವಾ ಸರ್? ಒಂದು ಮಾತು ಹೇಳಿ" ಎಂದ. (ಮಾತೆಲ್ಲ ಹರಕು ಇಂಗ್ಲಿಷಿನಲ್ಲಿ, ನಿಮಗಾಗಿ ಕನ್ನಡ ಮಾಡಿದ್ದೇನೆ.) ಅನ್ನದ ಋಣ ನೋಡಿ! ಸಂಜೆ ಮರೀಟಾಳ ಮನೆಗೆ ಹೋಗಿ ಮಳೆ, ಗಾಳಿ, ತೆಂಗಿನ ಫಸಲು ಎಲ್ಲದರ ಬಗ್ಗೆ ಮಾತಾಡಿ, ಹೊರಡುವಾಗ ಬಾಗಿಲಲ್ಲಿ ನಿಂತು, "ಆ ಮೇಕೆ ಪಾಪ, ಸಾಧು ಪ್ರಾಣಿ ಕಣಮ್ಮಾ" ಎಂದೆ. ಅಷ್ಟೇ.

ಮಾರನೆಯ ದಿನ ಕೋರ್ಟು ಕಿಕ್ಕಿರಿದಿತ್ತು. ಮರೀಟಾ ಕಾಗದ ಹಿಡಿದು ಓದಿದಳು: "ನಿನ್ನೆ ಸಂಜೆ ನನ್ನ ಗುರುಗಳು ಮನೆಗೆ ಬಂದು ಮೇಕೆಯ ನಡತೆ ಒಳ್ಳೆಯದು ಎಂದು ತಿಳಿಸಿದರು. ಇದು ದಾಖಲಾಗಲಿ." ಕೋರ್ಟಿಗೆ ಕೋರ್ಟೇ ನನ್ನ ಕಡೆ ತಿರುಗಿತು. ತೋಮಾಸ್ ಪಾತಿಯನ್ನು ಮತ್ತೆ ನೆಟ್ಟುಕೊಡಬೇಕೆಂದು ತೀರ್ಪಾಯಿತು. ಮೊದಲು ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಮರುಕ್ಷಣ ಎಲ್ಲಿಂದಲೋ ಉಕ್ಕಿ ಬಂದ ಸಂತೋಷಕ್ಕೆ ಕುಣಿಯುವುದೊಂದು ಬಾಕಿ. ಮೂವತ್ತು ವರ್ಷದಲ್ಲಿ ನನ್ನ ಮಾತನ್ನು ಇಷ್ಟು ಚೆನ್ನಾಗಿ ಯಾವ ನ್ಯಾಯಾಧೀಶರೂ ಕೇಳಿರಲಿಲ್ಲ! ಮರೀಟಾ ಹೊರಗೆ ಬಂದವಳೇ ನೇರ ನನ್ನ ಬಳಿಗೆ ನಡೆದಳು. "ನಾನು ತಪ್ಪು ಮಾಡಿದ್ನಾ ಸರ್?" ಎಂದಳು. "ತಪ್ಪು ನಂದು ಕಣಮ್ಮಾ. ನೀನು ಫಸ್ಟ್ ಕ್ಲಾಸು" ಎಂದೆ. ಆಮೇಲೆ ಒಂದು ವಾರ ನಾನೂ ತೋಮಾಸನೂ ಸೊಂಟ ಹಿಡಿದುಕೊಂಡು ಎಲೆಕೋಸಿನ ಸಸಿ ನೆಟ್ಟೆವು. ಅಜ್ಜಿ ಕುರ್ಚಿ ಹಾಕಿಕೊಂಡು ಕೂತು ಸಾಲು ಸೊಟ್ಟಗಿದೆ ಎಂದು ಬೈದರು.

ಊರಿಗೆ ಮರಳಿದ ಮೇಲೆ ವಕೀಲ ಮಿತ್ರರು ಬಸವನಗುಡಿಯಲ್ಲಿ ಸನ್ಮಾನ ಇಟ್ಟುಕೊಂಡರು. ಮೈಸೂರು ಪೇಟ, ಶಾಲು, ಗಂಧದ ಹಾರ. "ಶಿಫಾರಸಿಗೆ ಬಗ್ಗದ ನ್ಯಾಯವನ್ನು ಹೊರದೇಶಕ್ಕೆ ಕಲಿಸಿ ಬಂದ ಮಹನೀಯರು" ಎಂದರು ಅಧ್ಯಕ್ಷರು. ನಾನು ತಲೆ ತಗ್ಗಿಸಿದೆ. ಎಂಥ ವಿನಯ ಎಂದು ಸಭೆ ಚಪ್ಪಾಳೆ ತಟ್ಟಿತು. ನಿಜ ಹೇಳಿಬಿಡೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಫೋಟೋದವನು, "ಸ್ವಲ್ಪ ನಗಿ ಸಾರ್" ಎಂದ.

ನಕ್ಕುಬಿಟ್ಟೆ.