ಟ್ರಾನ್ಸಿಸ್ಟರಿಗೆ ನಾನು ಹಾಕಿದ ಬೆಸುಗೆ

ಆಗ ನಾನು ಮಿರ್ಜಾನದ ಕನ್ನಡ ಶಾಲೆಯಲ್ಲಿ ಅಕ್ಕೋರಾಗಿದ್ದೆ. ಏಳನೇ ಇಯತ್ತೆಗೆ ವಿದ್ಯುತ್ತಿನ ಪಾಠ ಮಾಡುವುದು ನನ್ನ ಪಾಲಿಗೆ ಬಂದಿತ್ತು. ನಮ್ಮ ಕೇರಿಗೆ ಇನ್ನೂ ಕರೆಂಟು ಬಂದಿರಲಿಲ್ಲ. ಹಾಗಾಗಿ ನಾನು ಹೇಳಿದ್ದು ಸರಿಯೋ ತಪ್ಪೋ ಎಂದು ಯಾರೂ ಪರೀಕ್ಷೆ ಮಾಡುವಂತಿರಲಿಲ್ಲ. ನನ್ನ ಆತ್ಮವಿಶ್ವಾಸ ಬಹಳ ಗಟ್ಟಿಯಾಗಿತ್ತು.

ನಮ್ಮ ಮನೆಯಲ್ಲೊಂದು ಟ್ರಾನ್ಸಿಸ್ಟರ್ ಇತ್ತು. ಮುಂಬಯಿಯಲ್ಲಿದ್ದ ಭಾವ ತಂದುಕೊಟ್ಟದ್ದು. ಕುಮಟೆಯ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದ ನಮ್ಮ ಯಜಮಾನರು ಅದಕ್ಕೆ ದಪ್ಪ ಬಟ್ಟೆಯ ಚೀಲ ಹೊಲಿಸಿದ್ದರು. ಅದನ್ನು ಅವರಲ್ಲದೆ ಬೇರೆಯವರು ಮುಟ್ಟುವಂತಿರಲಿಲ್ಲ.

ಪಕ್ಕದ ಕೇರಿಯ ಹೊನ್ನಿ ನಮಗೆ ಹರಿವೆ, ಬದನೆ ತಂದುಕೊಡುತ್ತಿದ್ದ ಹೆಂಗಸು. ಗದ್ದೆ ನಾಟಿಯ ಹೊತ್ತಿಗೆ ಹಾಡುವ ನೆಟ್ಟಿಯ ಪದ ಹೇಳುವುದರಲ್ಲಿ ಅವಳ ಸಮ ಯಾರೂ ಇರಲಿಲ್ಲ. ಒಮ್ಮೆ ಧಾರವಾಡದಿಂದ ರೇಡಿಯೋದವರು ಬಂದು ಅವಳ ಹಾಡನ್ನು ಯಂತ್ರದಲ್ಲಿ ತುಂಬಿಕೊಂಡು ಹೋದರು. ತಿಂಗಳ ಮೇಲೆ ಕಾರ್ಡು ಬಂತು. ಗುರುವಾರ ಸಂಜೆ ಆರೂವರೆಗೆ ಪ್ರಸಾರ ಎಂದು ನಾನೇ ಓದಿ ಹೇಳಿದೆ.

"ನಾ ಇಲ್ಲಿ ಕೂತಿರ್ತೆ, ನನ್ನ ದನಿ ಅಲ್ಲಿಂದ ಬತ್ತದಾ ಅಕ್ಕೋರೆ?" ಎಂದು ಕೇಳಿದಳು.

"ಬರ್ತದೆ. ನಮ್ಮ ಮನೆಗೆ ಬಾ, ಕೇಳಿಸ್ತೆ," ಎಂದೆ.

ಗುರುವಾರ ಮಧ್ಯಾಹ್ನದ ಮೇಲೆ ರಜೆ ಹಾಕಿ ಬಂದೆ. ಹಳೆಯ ಬ್ಯಾಟರಿ ಕೈಕೊಟ್ಟರೆ ಎಂಬ ಮುಂದಾಲೋಚನೆಯಿಂದ ಹೊಸದನ್ನು ಹಾಕಲು ಹೊರಟೆ. ಬ್ಯಾಟರಿಯ ತಲೆಗೆ ರವಿಕೆಯ ಟಿಚ್ ಗುಂಡಿಯಂತೆ ಕೂರುವ ಒಂದು ಟೋಪಿ ಇರುತ್ತದೆ. ಅದು ಬಿಗಿಯಾಗಿತ್ತು. ನಾನು ಎಳೆದೆ. ಟೋಪಿ ಬಂತು, ಅದರ ಹಿಂದೆ ಕೆಂಪು ಮತ್ತು ಕಪ್ಪು ತಂತಿಗಳೆರಡೂ ಬಂದವು.

ಹಿಂದಿನ ಮುಚ್ಚಳ ತೆಗೆದು ನೋಡಿದೆ. ಒಳಗೆ ಬೆಲ್ಲದ ಬಣ್ಣದ ಪುಟ್ಟ ಹಲಗೆ, ಅದರ ಮೇಲೆ ತಾಮ್ರದ ಗೆರೆಗಳು, ತಂತಿಗಳಿದ್ದ ಜಾಗದಲ್ಲಿ ಎರಡು ಬೆಳ್ಳಿ ಚುಕ್ಕೆಗಳು. ತಂತಿ ಚುಕ್ಕೆಗೆ ತಾಗಿದರಾಯಿತು, ಇಷ್ಟೇ ತಾನೆ ಎನಿಸಿತು. ಯಜಮಾನರ ಮೇಜಿನಿಂದ ಅರಗು ತಂದು ಕರಗಿಸಿ ಎರಡನ್ನೂ ಅಂಟಿಸಿದೆ. ಬ್ಯಾಟರಿ ಹಾಕಿ ಗುಂಡಿ ತಿರುಗಿಸಿದರೆ ಸದ್ದಿಲ್ಲ. ಅರಗಿನ ಮೂಲಕ ವಿದ್ಯುತ್ತು ಹರಿಯುವುದಿಲ್ಲ ಎಂದು ಆ ಸೋಮವಾರವಷ್ಟೇ ಕರಿಹಲಗೆಯ ಮೇಲೆ ಬರೆದಿದ್ದೆ.

ಅರಗು ಕೆರೆದು ತೆಗೆದು, ರಸ್ತೆ ಬದಿಯಲ್ಲಿ ಲಾಟೀನು, ಕೊಡಪಾನ ಬೆಸೆಯುವ ಬಾಬಣ್ಣನ ಹತ್ತಿರ ಹೋದೆ. ಬೆಸುಗೆಯ ಕಬ್ಬಿಣ ಕೇಳಿದೆ.

"ಅಕ್ಕೋರೆ, ಇದು ಕೊಡಪಾನಕ್ಕೆ ಹಾಕೂದು. ರೇಡಿಯೋಕ್ಕೆ ಬ್ಯಾಡ. ಕುಮಟೆಗೆ ಕಳಿಸಿ, ಅಲ್ಲಿ ಅದರ ಕೆಲಸದವ ಇದ್ದಾನೆ."

ಕುಮಟೆ ಎಂದರೆ ಯಜಮಾನರಿಗೆ ತಿಳಿಯುತ್ತದೆ. "ನಂಗೆ ಗೊತ್ತುಂಟು ಬಾಬಣ್ಣ," ಎಂದು ಹೇಳಿ ಕಬ್ಬಿಣವನ್ನೂ ಒಂದು ತುಂಡು ಸೀಸವನ್ನೂ ಸೆರಗಿನಲ್ಲಿ ಮುಚ್ಚಿಕೊಂಡು ಬಂದೆ.

ಒಲೆಯ ಕೆಂಡದಲ್ಲಿ ಕಾಯಿಸಿದೆ. ಅದರ ಮೂತಿ ನನ್ನ ಹೆಬ್ಬೆರಳಿಗಿಂತ ದಪ್ಪವಿತ್ತು, ಚುಕ್ಕೆ ಎಳ್ಳಿನಷ್ಟು. ತಾಗಿಸಿದ ಕೂಡಲೇ ತಾಮ್ರದ ಗೆರೆ ಹಾಲಿನ ಕೆನೆಯಂತೆ ಸುಕ್ಕುಗಟ್ಟಿ ಎದ್ದು ಬಂತು. ನಾನು ಹೆದರಲಿಲ್ಲ. ಗೆರೆ ಹೋದರೆ ತಂತಿಯನ್ನು ಸ್ವಲ್ಪ ಮುಂದಕ್ಕೆ ಎಳೆದು ಬೆಸೆದರಾಯಿತು ಎಂದುಕೊಂಡು ಹಾಗೇ ಮಾಡಿದೆ. ಅಷ್ಟರಲ್ಲಿ ಹಲಗೆಯೆಲ್ಲ ಮಸಿಯಾಗಿ, ಕೆಂಪು ಎಲ್ಲಿತ್ತು, ಕಪ್ಪು ಎಲ್ಲಿತ್ತು ಎಂಬುದು ಮರೆತೇ ಹೋಗಿತ್ತು. ತುಸು ಯೋಚಿಸಿದೆ. ಕೆಂಪು ಮಂಗಳಕರ, ಆದ್ದರಿಂದ ಬಲಕ್ಕೆ ಎಂದು ತೀರ್ಮಾನಿಸಿದೆ. ನನ್ನ ವಿಜ್ಞಾನ ಅಲ್ಲಿಗೆ ಮುಗಿದಿತ್ತು.

ಬ್ಯಾಟರಿ ಕೂರಿಸಿ ಗುಂಡಿ ತಿರುಗಿಸಿದೆ. ಒಳಗೆ 'ಚಿಟ್' ಎಂದಿತು. ಆಮೇಲೆ ಕೂದಲು ಸುಟ್ಟ ವಾಸನೆ ಬಂತು.

ಆರು ಗಂಟೆಗೆ ಹೊನ್ನಿ ಬಂದಳು. ಒಬ್ಬಳೇ ಅಲ್ಲ, ಜೊತೆಗೆ ಹಾಡಿದ್ದ ನಾಲ್ವರು, ಮಗಳು, ಅಳಿಯ. ಒಗೆದ ಸೀರೆ, ಕೊರಳ ತುಂಬ ಮಣಿಸರ, ಮುಡಿ ತುಂಬ ಅಬ್ಬಲಿಗೆ. ನಮಗೆಂದು ಒಂದು ಬುಟ್ಟಿ ಸೌತೆಕಾಯಿ. ಎಲ್ಲರೂ ಜಗಲಿಯ ಮೇಲೆ ಕೂತು, ಸ್ಟೂಲಿನ ಮೇಲಿದ್ದ ಪೆಟ್ಟಿಗೆಯನ್ನೇ ನೋಡತೊಡಗಿದರು. ಆಗಲೇ ಹೇಳಬೇಕಿತ್ತು. ಬದಲಿಗೆ ಸ್ಟೂಲನ್ನು ಸ್ವಲ್ಪ ಸರಿಸಿಟ್ಟೆ.

"ಹೋಟೆಲಿನಲ್ಲೂ ರೇಡಿಯೋ ಅದೆ. ಅಲ್ಲಿ ಹೋಗುವನಾ?" ಎಂದ ಅಳಿಯ.

"ಬೇಡ, ಇದು ಬಿಸಿಯಾಗ್ಬೇಕು. ಎರಡು ನಿಮಿಷ," ಎಂದೆ. ಶಾಲೆಯ ಅಕ್ಕೋರ ಮಾತು. ಎಲ್ಲರೂ ನಂಬಿ ಕೂತರು.

ಆರೂವರೆ ದಾಟಿತು. ಬಸ್ಸಿಳಿದು ಯಜಮಾನರು ಬಂದರು. ಪೆಟ್ಟಿಗೆಯನ್ನು ಎತ್ತಿ ಮೂಸಿದರು. ಹಿಂದಿನ ಮುಚ್ಚಳ ತೆಗೆದು ಬಹಳ ಹೊತ್ತು ಒಳಗೆ ನೋಡಿದರು.

"ಎಂತ ಆತೇ ಇದಕ್ಕೆ?"

"ರಿಪೇರಿ ಮಾಡಿದ್ದೆ," ಎಂದೆ.

ಅವರು ಬೈಯಲಿಲ್ಲ. ಹೊನ್ನಿಯ ಕಡೆ ತಿರುಗಿ, "ಏಳಿ, ಓಡುವಾ," ಎಂದರು.

ನಾವು ಅಷ್ಟೂ ಜನ ಹೋಟೆಲಿಗೆ ಓಡಿದೆವು. ಅಲ್ಲಿ ರೇಡಿಯೋ ರಸಗೊಬ್ಬರದ ವಿಷಯ ಹೇಳುತ್ತಿತ್ತು. ಮಾಲೀಕರು, "ಈಗಷ್ಟೇ ಮುಗೀತು. ಯಾರೋ ಹೆಂಗಸರು ಪದ ಹೇಳ್ತಿದ್ರು. ಗಿರಾಕಿ ಮಾತು ಕೇಳೂದಿಲ್ಲ ಅಂತ ನಾ ಸಣ್ಣ ಮಾಡಿದ್ದೆ," ಎಂದರು.

ಹೊನ್ನಿ ಮುಂದೆ ಹೋಗಿ ನಿಂತಳು. "ಪದದ ನಡುವೆ ನಾ ಕೆಮ್ಮಿದ್ದು ಕೇಳ್ತಾ?"

"ಇಲ್ಲ. ಕೆಮ್ಮಲಿಲ್ಲ."

"ಹಾಂಗಾರೆ ನಂದಲ್ಲ ಅದು," ಎಂದಳು. ಜೊತೆಯವರಿಗೂ, "ನಂದಲ್ಲ ಅಂತೆ, ಬನ್ನಿ," ಎಂದಳು. ಅವಳು ನಿಜಕ್ಕೂ ಹಾಗೆಂದುಕೊಂಡಳೋ, ನನ್ನ ಮುಖ ನೋಡಿ ಹೇಳಿದಳೋ, ಇವತ್ತಿಗೂ ತಿಳಿಯದು. ಆ ಏಳು ಜನರ ಸಾಲು ಗದ್ದೆಯ ಬದುವಿನ ಮೇಲೆ ದೂರವಾಗುವವರೆಗೆ ನಾನು ತಲೆ ಎತ್ತಲಿಲ್ಲ.

ಮರುದಿನ ಕುಮಟೆಯ ರೇಡಿಯೋದವನು ಪೆಟ್ಟಿಗೆ ಬಿಚ್ಚಿ, ಎರಡು ತಂತಿ ಬೆಸೆಯುವುದು ಐದು ನಿಮಿಷದ ಕೆಲಸವಾಗಿತ್ತು, ಈಗ ಹಲಗೆಯೇ ಮುಂಬಯಿಯಿಂದ ಬರಬೇಕು ಎಂದನಂತೆ. ಯಾರು ಕೈ ಹಾಕಿದ್ದು ಎಂದು ಕೇಳಿದ್ದಕ್ಕೆ ಯಜಮಾನರು "ಇಲಿ" ಎಂದು ಹೇಳಿ ಬಂದರು.

ಆ ಪದಗಳನ್ನು ಮತ್ತೊಮ್ಮೆ ಹಾಕುತ್ತಾರೆಂದು ನಾಲ್ಕು ತಿಂಗಳ ಮೇಲೆ ಇನ್ನೊಂದು ಕಾರ್ಡು ಬಂತು. ಓದಿ ಹೇಳಿದೆ. ಹೊನ್ನಿ ಕಾರ್ಡನ್ನು ಇಸಿದುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಈ ಸಲ ಹೋಟೆಲಿಗೇ ಹೋಗ್ತೆ ಅಕ್ಕೋರೆ. ನೀವೂ ಬನ್ನಿ," ಎಂದಳು. ಹೊಸ್ತಿಲು ದಾಟಿದವಳು ತಿರುಗಿ ನಿಂತು, ಬಹಳ ಮರ್ಯಾದೆಯಿಂದ ಸೇರಿಸಿದಳು: "ಎಂತದ್ದೂ ಮುಟ್ಟೂದು ಬ್ಯಾಡ, ಆತಾ?"

ಹೋದೆ. ಹೋಟೆಲಿನ ಹೊರಗಿನ ಬೆಂಚಿನ ಮೇಲೆ ಎರಡೂ ಕೈ ಮಡಿಲಲ್ಲಿಟ್ಟುಕೊಂಡು, ಒಂದನೇ ಇಯತ್ತೆಯ ಮಗುವಿನಂತೆ ಪದ ಮುಗಿಯುವವರೆಗೆ ಕೂತಿದ್ದೆ.