ನಮ್ಮ ಮನೆಯ ನೀರಿನ ಇಲಾಖೆ

ರಿಪೇರಿ ಕೆಲಸದವರಿಗೆ ಒಂದು ರೋಗವಿದೆ. ಕೆಟ್ಟು ನಿಂತದ್ದನ್ನು ಕಂಡರೆ ಕೈ ಕಡಿಯುವುದು ಸಹಜ. ಸರಿಯಾಗಿ ನಡೆಯುತ್ತಿರುವುದನ್ನು ಕಂಡರೂ ನಮಗೆ ಕೈ ಕಡಿಯುತ್ತದೆ. ನಾನು ಏಳನೇ ಕ್ಲಾಸಿಗೇ ಶಾಲೆಗೆ ಕೈಮುಗಿದು, ಕುಂದಾಪುರದ ಒಂದು ವೈಂಡಿಂಗ್ ಅಂಗಡಿಯಲ್ಲಿ ಮೋಟಾರಿಗೆ ತಾಮ್ರದ ತಂತಿ ಸುತ್ತಲು ಕೂತವನು. ಈಗ ನನ್ನದೇ ಅಂಗಡಿ. ಬೈಂದೂರಿನಿಂದ ಬ್ರಹ್ಮಾವರದವರೆಗೆ ಯಾವ ಬಾವಿಯ ಪಂಪು ಕೆಮ್ಮಿದರೂ ಫೋನು ನನಗೆ ಬರುತ್ತದೆ. ಮೀಟರ್ ಹಚ್ಚುವ ಮೊದಲೇ, ಬರೀ ಸದ್ದು ಕೇಳಿ ಏನು ಕೆಟ್ಟಿದೆ ಎಂದು ಹೇಳುತ್ತೇನೆ. ನನ್ನ ಹೆಂಡತಿ ಜಲಜ ಇದನ್ನು ಜಂಬ ಅನ್ನುತ್ತಾಳೆ. ಅವಳ ಮಾತಿನಲ್ಲಿ ಹೆಚ್ಚಿನ ತಪ್ಪೇನೂ ಇಲ್ಲ.

ಇಂಥವನ ಮನೆಯಲ್ಲೇ ತಾರಸಿಯ ಟ್ಯಾಂಕಿ ದಿನಬೆಳಗಾದರೆ ಉಕ್ಕಿ ಹರಿಯುತ್ತಿತ್ತು. ನಮ್ಮ ಮನೆ ಮರವಂತೆಯಲ್ಲಿ, ಹೊಳೆಯ ಬದಿಗೆ. ನೀರಿನ ಇಲಾಖೆ ನನ್ನ ತಮ್ಮ ರಘುವಿನದು. ಅವನಿಗೆ ನಲವತ್ತು ದಾಟಿದೆ. ಹುಟ್ಟಿನಿಂದ ಬೌದ್ಧಿಕ ಅಂಗವೈಕಲ್ಯ ಎಂದು ಸರ್ಟಿಫಿಕೇಟಿನಲ್ಲಿ ಬರೆದಿದ್ದಾರೆ. ಮನೆಯಲ್ಲಿ ನಾವು ರಘು ಎನ್ನುತ್ತೇವೆ. ಲೆಕ್ಕವೂ ಗಡಿಯಾರವೂ ಅವನಿಗೆ ಒಗ್ಗಲಿಲ್ಲ. ಬೆಳಿಗ್ಗೆ ಎದ್ದು ಬಾವಿಗೆ ಇಣುಕಿ, ನೀರಿದೆಯೆಂದು ಖಾತ್ರಿ ಮಾಡಿಕೊಂಡು, ಪಂಪು ಹಾಕಿ ಅಂಗಳದ ಕಟ್ಟೆಯ ಮೇಲೆ ಕೂರುತ್ತಾನೆ. ಆಮೇಲೆ ಬಸ್ಸು ಹತ್ತಿ ಕುಂದಾಪುರದ ತನ್ನ ತರಬೇತಿ ಶಾಲೆಗೆ ಹೋಗುತ್ತಾನೆ. ಪಂಪು ಹಾಕುವುದನ್ನು ಒಂದು ದಿನವೂ ತಪ್ಪಿಸಿದವನಲ್ಲ. ಬಂದ್ ಮಾಡುವುದು ಮಾತ್ರ ಮರೆತುಹೋಗುತ್ತಿತ್ತು.

ಒಂದು ಭಾನುವಾರ ನನ್ನ ಕೈ ಕಡಿಯಿತು. ಟ್ಯಾಂಕಿಯೊಳಗೆ ನೀರಿನ ಮೇಲೆ ತೇಲುವ ಫ್ಲೋಟ್ ಸ್ವಿಚ್ಚು ಇಳಿಬಿಟ್ಟು ಪಂಪನ್ನು ಪೂರ್ತಿ ಆಟೋಮೆಟಿಕ್ ಮಾಡಿದೆ. ನೀರು ಇಳಿದರೆ ತಾನೇ ಚಾಲೂ ಆಗುತ್ತದೆ, ತುಂಬಿದರೆ ತಾನೇ ನಿಲ್ಲುತ್ತದೆ. ತಮ್ಮನಿಗೆ ಎಂಥ ಉಪಕಾರ ಮಾಡಿದೆ ಎಂದು ಆ ದಿನ ಎರಡು ಚಾ ಹೆಚ್ಚು ಕುಡಿದೆ.

ನಾಲ್ಕು ದಿನ ಟ್ಯಾಂಕಿ ಉಕ್ಕಲಿಲ್ಲ. ಐದನೆಯ ದಿನ ರಘು ಊಟ ಬಿಟ್ಟ. ಅಷ್ಟೂ ದಿನ ಬೆಳಿಗ್ಗೆ ಬಾವಿಗೆ ಇಣುಕುತ್ತಿದ್ದ, ಹಳೆಯ ಸ್ವಿಚ್ಚು ಒತ್ತುತ್ತಿದ್ದ, ಏನೂ ಆಗುತ್ತಿರಲಿಲ್ಲ. ಬಂದು ಗೋಡೆಗೆ ಮುಖ ಮಾಡಿ ಕೂರುತ್ತಿದ್ದ. ಆ ದಿನ ಶಾಲೆಯ ಬಸ್ಸಿಗೂ ಹೊರಡಲಿಲ್ಲ. ಜಲಜ ಅನ್ನ ಕಲಸಿಟ್ಟು ಕರೆದರೆ, "ಬ್ಯಾಡ ಅತ್ಗಿ, ನಂಗೆ ಕೆಲ್ಸ ಇಲ್ಲೆ" ಎಂದ.

ಜಲಜ ನನ್ನ ಕಡೆ ತಿರುಗಿದಳು. "ಹ್ವಾಯ್, ನಾಳೆ ನಿಮ್ಮ್ ಅಂಗ್ಡಿಗೆ ಯಾರಾರೂ ಒಂದ್ ಮಿಶನ್ ತಂದ್ ಕೂರ್ಸಿ, ನೀವ್ ಇನ್ ಮನೇಲ್ ಕೂಕಣಿ ಅಂದ್ರೆ ಹ್ಯಾಂಗ್ ಆತ್ತ್?"

ನಾನು ಚಪ್ಪಲಿ ಮೆಟ್ಟಿ ಅಂಗಡಿಗೆ ಹೋದೆ. ಅಲ್ಲಿಗೆ, ರಘು ಯಾಕೆ ಬರಲಿಲ್ಲ ಎಂದು ವಿಚಾರಿಸಿಕೊಂಡು ಅವನ ಶಾಲೆಯ ಟೀಚರು ಬಂದರು. ವಿಷಯ ಹೇಳಿದೆ.

"ಆಟೋಮೆಟಿಕ್ ಮಾಡುಕ್ ಮೊದ್ಲ್ ರಘು ಹತ್ರ ಕೇಂಡ್ರ್ಯಾ?" ಎಂದರು.

"ಪಂಪ್ ಹತ್ರ ಕೇಂಡ್ಕಂಡ್ ನಾನ್ ವೈಂಡಿಂಗ್ ಮಾಡುದಿಲ್ಲೆ ಟೀಚರೇ."

"ರಘು ಪಂಪ್ ಅಲ್ಲ ಅಲ್ದಾ?" ಎಂದು ಅವರು ನಗುತ್ತಲೇ ಹೇಳಿದರು. ನನ್ನ ಮಾತು ನನಗೇ ನಾಚಿಕೆ ತಂದಿತು.

ಆ ಸಂಜೆಯೇ ಫ್ಲೋಟ್ ಕಿತ್ತು, ರಘುವಿನ ಮುಂದೆ ಕೂತು ಕೇಳಿದೆ. "ರಘು, ಟ್ಯಾಂಕಿ ತುಂಬಿದ್ದ್ ಗೊತ್ತಾಪುಕೆ ನಿಂಗೆ ಎಂತ ಬೇಕ್?"

"ಚಾ ಬೇಕ್," ಎಂದ.

ಮರುದಿನ ಟೀಚರಿಗೆ ಫೋನು ಮಾಡಿ, ಕೇಳಿದ್ದೂ ಆಯಿತು, ಚಾ ಕೊಟ್ಟದ್ದೂ ಆಯಿತು ಎಂದೆ. ಬರೀ ಬಾಯಲ್ಲಿ ಕೇಳಬೇಡಿ, ಸಾಮಾನು ಅವನ ಕೈಗೆ ಕೊಟ್ಟು ಸುಮ್ಮನೆ ಕಾಯಿರಿ ಎಂದರು. ಸುಮ್ಮನೆ ಕಾಯುವುದು ನನಗೆ ಯಾವ ಅಂಗಡಿಯಲ್ಲೂ ಕಲಿಸಿರಲಿಲ್ಲ. ಆದರೂ ಸಾಮಾನೆಲ್ಲ ರಘುವಿನ ಮುಂದೆ ಸುರಿದು, ಒಂದೊಂದೇ ಪರೀಕ್ಷೆ ಮಾಡಲು ಶುರುಮಾಡಿದೆ. ಮೊದಲು, ಟ್ಯಾಂಕಿ ತುಂಬಿದರೆ ಹೊತ್ತುವ ಕೆಂಪು ಬಲ್ಬು ಹಾಕಿದೆ. ಅಂಗಳದ ಬಿಸಿಲಿನಲ್ಲಿ ಬಲ್ಬು ಹೊತ್ತಿದ್ದು ಯಾರಿಗೂ ಕಾಣುವುದಿಲ್ಲ ಎಂಬುದು, ಮೂವತ್ತೈದು ವರ್ಷ ಕರೆಂಟಿನ ಜೊತೆ ಬದುಕಿದ ನನಗೆ ಹೊಳೆದಿರಲಿಲ್ಲ. ಆಮೇಲೆ ಬಜರ್ ಇಟ್ಟೆ. ಅದು ಕಿರುಚಿದ್ದೇ ತಡ, ರಘು ಕಿವಿ ಮುಚ್ಚಿಕೊಂಡು ಮಂಚದ ಅಡಿಗೆ ಹೋದ. ಅವನ ಹಿಂದೆ ನಮ್ಮ ಬೆಕ್ಕೂ ಹೋಯಿತು. ಮೂರನೆಯದು ಗಂಟೆ. ಅದು ಮೊಳಗಿದಾಗ ಪಕ್ಕದ ಮನೆಯ ಅಜ್ಜಿ ಬೇಲಿಯಾಚೆಯಿಂದ ಕೈಮುಗಿದು, ಏನು ಪೂಜೆ ಎಂದು ವಿಚಾರಿಸಿದರು.

ನಾಲ್ಕನೆಯ ದಿನ ಕೈಚೆಲ್ಲಿ ಕೂತೆ. ಆಗ ರಘುವೇ ಎದ್ದ. ಸಾಮಾನಿನ ರಾಶಿಯಿಂದ ಒಂದು ತುಂಡು ಪೈಪು ಎಳೆದು, ಅದರ ಒಂದು ತುದಿಯನ್ನು ತಾರಸಿಯತ್ತ ತೋರಿಸಿ, ಇನ್ನೊಂದು ತುದಿಯನ್ನು ತನ್ನ ಕಟ್ಟೆಯ ಪಕ್ಕದ ಅಬ್ಬಲಿಗೆ ಹೂವಿನ ಗಿಡಗಳ ಬುಡಕ್ಕೆ ತಂದಿಟ್ಟ. ಅದರ ಕೆಳಗೆ ನನ್ನ ಹಳೆಯ ಪೇಂಟಿನ ಡಬ್ಬಿ ಕವುಚಿದ. "ನೀರ್ ಬೀಳ್ತ್. ಸದ್ದ್ ಕೇಂತ್," ಎಂದ.

ಟ್ಯಾಂಕಿಯ ಬಾಯಿಗಿಂತ ಒಂದು ಗೇಣು ಕೆಳಗೆ ತೂತು ಕೊರೆದು ಪೈಪು ಇಳಿಸಿದೆ. ನೀರು ಅಲ್ಲಿಗೆ ಬಂತೆಂದರೆ ಡಬ್ಬಿಯ ಮೇಲೆ ಬೀಳಬೇಕು. ರಘು ಪಂಪು ಬಂದ್ ಮಾಡಬೇಕು. ಬಿದ್ದ ನೀರು ಹೂವಿಗೆ. ನಾನು ಇಷ್ಟಕ್ಕೇ ಕೆಲಸ ಮುಗಿಯಿತೆಂದರೆ ಅವನು ಒಪ್ಪಲಿಲ್ಲ. ಪೇಂಟಿನ ಡಬ್ಬಿಯ ಸದ್ದು ಕೇಳಿ, "ಇದ್ ಮದ್ಲೆ. ಚೆಂಡೆ ಬೇಕ್," ಎಂದ. ಅವನು ಯಕ್ಷಗಾನದ ಹುಚ್ಚ; ಮದ್ದಳೆಯ ಮೆತ್ತನೆಯ ಸದ್ದು ಸಾಲದು, ಚೆಂಡೆಯ ಹಾಗೆ ಗಟ್ಟಿಯಾಗಿ ಕೇಳಬೇಕು. ಎಣ್ಣೆ ಡಬ್ಬಿ, ಹಾಲಿನ ಪುಡಿಯ ಡಬ್ಬಿ, ಜಲಜಳ ಅವಲಕ್ಕಿ ಡಬ್ಬಿ, ಒಂದೊಂದನ್ನೂ ಕವುಚಿ, ತಲೆ ಓರೆ ಮಾಡಿ ಕೇಳಿ, ಬ್ಯಾಡ ಎಂದು ಬದಿಗಿಟ್ಟ. ಪಂಪಿನ ಮುಂದೆ ನಾನು ಕಿವಿಗೊಟ್ಟು ನಿಲ್ಲುವುದು ಹೀಗೆಯೇ ಎಂದು ಜಲಜ ಹೇಳಿದಳು. ಕೊನೆಗೆ ಬಿಸ್ಕತ್ತಿನ ತಗಡಿನ ಡಬ್ಬಿ ಪಾಸಾಯಿತು. ಅಂದಿನಿಂದ ಇಂದಿನವರೆಗೆ ಟ್ಯಾಂಕಿ ಉಕ್ಕಿದ್ದು ಎರಡೇ ಸಲ. ಎರಡೂ ಸಲ ಪಂಪು ಹಾಕಿದವನು ನಾನು.

ಕಳೆದ ತಿಂಗಳು ಅವನ ಶಾಲೆಯಲ್ಲಿ ಮನೆಯವರ ಸಭೆ. ಈ ಡಬ್ಬಿಯ ಉಪಾಯ ಎಲ್ಲರಿಗೂ ತೋರಿಸಿ ಎಂದು ಟೀಚರು ಹೇಳಿ ಕಳಿಸಿದ್ದರು. ನಾನು ಇಸ್ತ್ರಿ ಅಂಗಿ ಹಾಕಿ, ಕನ್ನಡಿಯ ಮುಂದೆ ಭಾಷಣ ಕಲಿತು ಹೋದೆ. ಭಾಷಣಕ್ಕೆ ಜಾಗವೇ ಸಿಗಲಿಲ್ಲ. ರಘು ಡಬ್ಬಿ ಕವುಚಿದ, ನನ್ನ ಕೈಗೆ ಪೈಪು ಕೊಟ್ಟ, ನೀರು ಹೊಯ್ದ. ಸದ್ದು ಬಂದದ್ದೇ ಕೈಯೆತ್ತಿ "ಬಂದ್" ಎಂದ. ಜನ ಅವನನ್ನೇ ಸುತ್ತಿಕೊಂಡರು. ಬ್ರಹ್ಮಾವರ ಕಡೆಯ ಒಬ್ಬ ತಾಯಿ ಪಕ್ಕದಲ್ಲಿ ಕೂತಿದ್ದ ಮಗಳನ್ನು ತೋರಿಸಿ, ಇವಳಿಗೆ ತಾನೇ ಚಾ ಸೋಸುವ ಆಸೆ, ಪಾತ್ರೆ ಹಿಡಿಯಲು ಆಗುವುದಿಲ್ಲ, ಏನಾದರೂ ಮಾಡಬಹುದಾ ಎಂದು ಕೇಳಿದರು. ನಾನು ಸ್ಟ್ಯಾಂಡು, ಸ್ಪ್ರಿಂಗು ಎಂದು ಬಾಯಿ ತೆರೆಯುವಷ್ಟರಲ್ಲಿ ರಘು ಆ ಮಗಳ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. "ನಿಂಗೆ ಎಂತ ಆತ್ತ್?" ಎಂದ. ಅವಳು ತನ್ನ ಬೆರಳು ನೋಡಿಕೊಂಡು, ನಿಧಾನವಾಗಿ, "ಬಿಸಿ ತಾಗ್ತ್," ಎಂದಳು. ರಘು ಮುಂದಿನ ಭಾನುವಾರ ಬರುತ್ತೇನೆಂದು ಒಪ್ಪಿಕೊಂಡ. ಆ ತಾಯಿ ನನ್ನನ್ನು ತೋರಿಸಿ, ಇವರು ಯಾರು ಎಂದರು.

"ನಮ್ಮಣ್ಣ," ಎಂದ ರಘು. "ಪೈಪ್ ಹಿಡ್ಕಂಬುಕೆ ಬಪ್ಪುದ್."

ಭಾನುವಾರ ಹೊರಟೆವು. ರಘು ಕೈಬೀಸಿಕೊಂಡು ಮುಂದೆ, ನಾನು ಸಾಮಾನಿನ ಚೀಲ ಹೊತ್ತು ಹಿಂದೆ. ಬಸ್‌ಸ್ಟಾಪಿನಲ್ಲಿ ನನ್ನ ಹಳೆಯ ಗಿರಾಕಿಯೊಬ್ಬರು, "ಎಂತ ಮಾರಾಯ್ರೆ, ಚೀಲ ಹೊತ್ಕಂಡ್ ಹೊರ್ಟ್ರಿ, ಯಾವ್ ಕೆಲ್ಸ?" ಎಂದು ಕೇಳಿದರು. ನಾಲಿಗೆಯ ತುದಿಗೆ ದೊಡ್ಡದೊಂದು ಉತ್ತರ ಬಂದಿತ್ತು. ಅದನ್ನು ನುಂಗಿಕೊಂಡು, "ಗೊತ್ತಿಲ್ಲೆ, ರಘು ಹತ್ರ ಕೇಣಿ," ಎಂದೆ.